ಬೇಸ್‌ಬಾಲ್ ಆಟಗಾರ ಹೆನ್ರಿ ಆರನ್ ಬೆಳೆದು ಬಂದ ದಾರಿ

ಪತ್ರಿಕೆಯ ಕ್ರೀಡಾಪುಟವನ್ನು ತೆರೆದೊಡನೆ ನಮ್ಮ ಕಣ್ಣು ಮೊದಲು ಕ್ರಿಕೆಟ್ಟಿನ ಕಡೆಗೆ ಓಡುತ್ತದೆ. ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆಯೇ. ಅಲ್ಲಿಯ ಸುದ್ದಿ ಓದುವಾಗ ಈ ಆಟದ ಹೆಸರು ಅಡಿಗಡಿಗೆ ಎದುರಾಗುತ್ತದೆ. ಆದರೆ ಅದರ ಮರ್ಮ ನಮ್ಮಲ್ಲಿ ಹಲವರಿಗೆ ತಿಳಿಯದು. ಆಟದ ನಿಯಮಗಳನ್ನಷ್ಟೇ ಒಂದೊಂದಾಗಿ ಬರೆದರೆ ವಾಚಕರಿಗೆ ಬೇಸರವಾದೀತು. ಆದ್ದರಿಂದ ಒಬ್ಬ ಹುಡುಗನು ಆ ಆಟವನ್ನು ಕಲಿತು ಮೇಲೇರಿದ ಕಥೆಯ ಮೂಲಕವೇ ಅದನ್ನು ಪರಿಚಯ ಮಾಡಿಕೊಡೋಣವೆಂದುಕೊಂಡಿದ್ದೇವೆ. ಆ ಹುಡುಗನೇ ಹೆನ್ರಿ ಆರನ್. ಜನರು ಪ್ರೀತಿಯಿಂದ ಹ್ಯಾಂಕ್ ಎಂದು ಕರೆದರು.

ಮೊದಲು ಆಟದ ವಿಷಯ ನಾಲ್ಕು ಮಾತು. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳಿರುತ್ತವೆ. ಅವುಗಳಿಗೇ ಬೇಸ್ ಎಂದು ಹೆಸರು. ಒಂದು ನೆಲೆಯಿಂದ ಇನ್ನೊಂದಕ್ಕೆ ೯೦ ಅಡಿ ದೂರ. ದಾಂಡಿಗನು ಮೂಲನೆಲೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಅವನಿಂದ ೬೦ ಅಡಿ ೬ ಅಂಗುಲ ದೂರದಿಂದ ಎದುರಾಳಿಯು ಚೆಂಡೆಸೆಯುತ್ತಾನೆ. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ದಾಂಡು ಚಪ್ಪಟೆಯಲ್ಲ, ಒನಕೆಯಂತೆ ದುಂಡು. ಹೊಡೆದು ಓಡಿ ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ಓಟ. ಚೆಂಡನ್ನು ಬೇಲಿಯಾಚೆ ಅಟ್ಟಿದರೆ ಅದು ‘ಹೋಂ ರನ್’. ನಮ್ಮ ಸಿಕ್ಸರಿನ ಅಣ್ಣನೆನ್ನಬಹುದು. ಪಕ್ಷಕ್ಕೆ ಒಂಬತ್ತು ಜನ, ಆಟಕ್ಕೆ ಒಂಬತ್ತು ಸರದಿ. ದುಂಡು ದಾಂಡಿನಿಂದ ದುಂಡು ಚೆಂಡನ್ನು ಸರಿಯಾಗಿ ಹೊಡೆಯುವುದು ಎಷ್ಟು ಕಷ್ಟವೆಂದರೆ, ಹತ್ತು ಸಲಕ್ಕೆ ಮೂರು ಸಲ ಗೆದ್ದವನನ್ನು ಅಲ್ಲಿ ಒಳ್ಳೆಯ ದಾಂಡಿಗನೆಂದು ಕೊಂಡಾಡುತ್ತಾರೆ. ಏಳು ಸಲ ಸೋತೂ ಎದೆಗುಂದದವನ ಆಟವಿದು.

ಬಡವರ ಮನೆಯ ಮಗ

ಹೆನ್ರಿ ಹುಟ್ಟಿದ್ದು ೧೯೩೪ನೆಯ ಇಸವಿ ಫೆಬ್ರವರಿ ೫ರಂದು, ಅಮೆರಿಕದ ದಕ್ಷಿಣದ ಅಲಬಾಮಾ ಸಂಸ್ಥಾನದ ಮೊಬೀಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಹರ್ಬರ್ಟ್ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೂಲಿ, ತಾಯಿ ಎಸ್ಟೆಲ್ಲಾ. ಎಂಟು ಮಕ್ಕಳಲ್ಲಿ ಹೆನ್ರಿ ಮೂರನೆಯವನು. ೧೯೪೨ರಲ್ಲಿ ತಂದೆ ಊರಂಚಿನ ಟುಲ್ಮಿನ್‌ವಿಲ್ ಎಂಬಲ್ಲಿ ಸಿಕ್ಕ ಹಳೆಯ ಮರಮುಟ್ಟುಗಳನ್ನು ಕೂಡಿಸಿ ಸ್ವಂತ ಮನೆಯೊಂದನ್ನು ಎಬ್ಬಿಸಿದರು. ಅದರಲ್ಲಿ ವಿದ್ಯುದ್ದೀಪವಿರಲಿಲ್ಲ. ಆದರೆ ಬಾಡಿಗೆಯವರ ಕಾಟವಿಲ್ಲದ ಮನೆಯೆಂಬ ಹೆಮ್ಮೆಯಿತ್ತು. ಅದೇ ಮನೆಯನ್ನು ೨೦೧೦ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಎಲ್ಲವೂ ಬೇರೆ ಬೇರೆ. ಶಾಲೆ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ, ನೀರು ಕುಡಿಯುವ ನಲ್ಲಿ ಕೂಡ ಬೇರೆ. ಹೆನ್ರಿಯದು ಕಪ್ಪು ಕುಟುಂಬ. ಕೊಂಡ ಚೆಂಡು, ಕೊಂಡ ದಾಂಡು ಅವನ ಪಾಲಿಗೆಲ್ಲಿಂದ ಬರಬೇಕು? ನಮ್ಮ ಹಳ್ಳಿಯ ಹುಡುಗರು ಮರದ ತುಂಡು ಕೆತ್ತಿ ಚಿನ್ನಿದಾಂಡು ಆಡಿದಂತೆ ಅವನು ಸೋಡಾಬಾಟಲಿಯ ಮುಚ್ಚಳಗಳನ್ನು ಎಸೆದು ಕೋಲಿನಿಂದ ಹೊಡೆಯುತ್ತಿದ್ದನು. ಹಗುರವಾದ ಮುಚ್ಚಳ ಗಾಳಿಯಲ್ಲಿ ಎತ್ತೆತ್ತಲೋ ಹೊರಳುತ್ತದೆ. ಅದನ್ನು ಹೊಡೆಯಲು ಕಡೆಯ ಕ್ಷಣದವರೆಗೆ ನೋಡುತ್ತಿರಬೇಕು. ಮುಂದೆ ಅವನ ಆಟವನ್ನು ಕಂಡವರೆಲ್ಲ ಮೆಚ್ಚಿದ ತೀಕ್ಷ್ಣದೃಷ್ಟಿಯೂ ಮಿಂಚಿನಂಥ ಮಣಿಕಟ್ಟಿನ ಚಲನೆಯೂ ಈ ಆಟದಿಂದಲೇ ಬಲಿತಿದ್ದರೆ ಆಶ್ಚರ್ಯವಿಲ್ಲ.

ಹೇಳಿಕೊಡುವವರಿಲ್ಲದ್ದರಿಂದ ಒಂದು ವಿಚಿತ್ರ ಅಭ್ಯಾಸವೂ ಅಂಟಿಕೊಂಡಿತು. ಬಲಗೈ ದಾಂಡಿಗನು ಎಡಗೈಯನ್ನು ಹಿಡಿಯ ತುದಿಯಲ್ಲಿಯೂ ಬಲಗೈಯನ್ನು ಅದರ ಮುಂದೆಯೂ ಇಡುವುದು ವಾಡಿಕೆ. ಕ್ರಿಕೆಟ್ಟಿನಲ್ಲಿಯೂ ಕ್ರಮ ಇದೇ. ಹೆನ್ರಿ ಇದನ್ನು ತಿರುಗುಮುರುಗು ಮಾಡಿ, ಕೈಗಳನ್ನು ಅಡ್ಡಹಾಯಿಸಿ ಹಿಡಿಯುತ್ತಿದ್ದನು. ಹದಿನೆಂಟು ವರುಷವಾಗುವವರೆಗೂ ಹೀಗೆಯೇ ಆಡಿದನು. ಹಾಗೆ ಹಿಡಿದೇ ಚೆಂಡನ್ನು ಬೇಲಿಯಾಚೆ ದಾಟಿಸುತ್ತಿದ್ದನೆಂದರೆ ಅವನ ಶಕ್ತಿಯನ್ನು ಊಹಿಸಬಹುದು.

ಚಿಕ್ಕಂದಿನಲ್ಲಿ ಅವನು ತಂದೆಯ ಬಳಿ, ತಾನು ದೊಡ್ಡ ಲೀಗಿನ ಆಟಗಾರನಾಗುವೆನೆಂದು ಹೇಳಿದನಂತೆ. ದೊಡ್ಡ ಲೀಗಿನಲ್ಲಿ ಕಪ್ಪು ಆಟಗಾರರೇ ಇಲ್ಲವಲ್ಲ ಮಗು ಎಂದರು ತಂದೆ. ಅದು ನಿಜವಾಗಿತ್ತು. ಆದರೆ ೧೯೪೭ರ ಏಪ್ರಿಲ್ ೧೫ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪಕ್ಷದ ಪರವಾಗಿ ಕಣಕ್ಕಿಳಿದು, ಅರ್ಧ ಶತಮಾನಕ್ಕೂ ಮಿಗಿಲಾಗಿ ಮುಚ್ಚಿದ್ದ ಬಾಗಿಲನ್ನು ತೆರೆದರು. ಮರುವರುಷ ರಾಬಿನ್‌ಸನ್ ಮೊಬೀಲಿಗೆ ಬಂದಾಗ ಹದಿನಾಲ್ಕರ ಹೆನ್ರಿ ಶಾಲೆ ತಪ್ಪಿಸಿ ಅವರ ಭಾಷಣ ಕೇಳಲು ಓಡಿದನು. ಮಕ್ಕಳು ಶಾಲೆ ಬಿಡಬಾರದೆಂದು ರಾಬಿನ್‌ಸನ್ ಬುದ್ಧಿ ಹೇಳುತ್ತಿದ್ದರು; ಶಾಲೆ ತಪ್ಪಿಸಿ ಬಂದವನು ಕೇಳುತ್ತ ನಿಂತಿದ್ದನು! ರಾಬಿನ್‌ಸನ್ ಆಟದಿಂದ ನಿವೃತ್ತರಾಗುವುದಕ್ಕೆ ಮೊದಲೇ ತಾನೂ ಆ ಲೀಗನ್ನು ಸೇರುವೆನೆಂದು ಅವನು ಅಂದು ನಿಶ್ಚಯಿಸಿಕೊಂಡನು.

ಎರಡು ಡಾಲರಿನ ಪಯಣ

ಡಾಡ್ಜರ್ಸ್ ಪಕ್ಷದವರು ಹುಡುಗರನ್ನು ಪರೀಕ್ಷಿಸಲು ಮೊಬೀಲಿಗೆ ಬಂದಾಗ ಹೆನ್ರಿ ಹೋದನು, ಆಯ್ಕೆಯಾಗಲಿಲ್ಲ. ಆದರೆ ಊರಿನ ಬ್ಲ್ಯಾಕ್ ಬೇರ್ಸ್ ತಂಡದ ಎಡ್ ಸ್ಕಾಟ್ ಎಂಬವರ ಕಣ್ಣಿಗೆ ಬಿದ್ದನು. ತಾಯಿಗೆ ಮಗ ಓದಬೇಕೆಂಬ ಆಸೆ. ಸ್ಕಾಟ್ ಮತ್ತೆ ಮತ್ತೆ ಮನೆಗೆ ಬಂದು ಕೇಳಿಕೊಂಡ ಮೇಲೆ, ಊರಿನಲ್ಲಿ ನಡೆಯುವ ಭಾನುವಾರದ ಆಟಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಆಟವೊಂದಕ್ಕೆ ಮೂರು ಡಾಲರು. ಹೆನ್ರಿಯ ವೃತ್ತಿ ಇಲ್ಲಿಂದ ಆರಂಭವಾಯಿತೆನ್ನಬೇಕು.

ಬಿಳಿಯರ ಲೀಗುಗಳು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಕಪ್ಪು ಆಟಗಾರರು ತಮ್ಮವೇ ಆದ ‘ನೀಗ್ರೋ ಲೀಗ್’ಗಳನ್ನು ಕಟ್ಟಿಕೊಂಡಿದ್ದರು. ಅವುಗಳಲ್ಲಿ ಒಂದು ತಂಡ ಇಂಡಿಯಾನಾಪೋಲಿಸ್ ಕ್ಲೌನ್ಸ್. ಹೆಸರೇ ಹೇಳುವಂತೆ ಆಟದ ಜೊತೆಗೆ ಹಾಸ್ಯವನ್ನೂ ಬಡಿಸಿ ಊರೂರು ಸುತ್ತುತ್ತಿದ್ದ ತಂಡ. ತಿಂಗಳಿಗೆ ೨೦೦ ಡಾಲರು ಸಂಬಳಕ್ಕೆ ಅದು ಹೆನ್ರಿಯನ್ನು ಕರೆಯಿತು. ೧೯೫೨ರ ವಸಂತದಲ್ಲಿ ಹದಿನೆಂಟರ ಹುಡುಗನು ರೈಲು ಹತ್ತಿದನು. ಕಿಸೆಯಲ್ಲಿ ಎರಡು ಡಾಲರು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಬುತ್ತಿ, ಚೀಲದಲ್ಲಿ ಎರಡು ಷರಾಯಿ. ಊರು ಬಿಟ್ಟು ದೂರದ ಪಟ್ಟಣಗಳಿಗೆ ಹೊಟ್ಟೆಪಾಡಿಗಾಗಿ ಬಂದ ನಮಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲೌನ್ಸ್ ತಂಡದ ದಿನಗಳ ಒಂದು ಪ್ರಸಂಗವನ್ನು ಆರನ್ ಮುಂದೆ ಎಷ್ಟೋ ವರುಷಗಳ ನಂತರವೂ ನೆನೆಯುತ್ತಿದ್ದರು. ರಾಜಧಾನಿ ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ತಂಡದವರು ಬೆಳಗಿನ ಉಪಾಹಾರ ತೀರಿಸಿದರು. ಅವರು ತಿಂದ ತಟ್ಟೆಗಳನ್ನು ಒಳಗೆ ಅಡಿಗೆಮನೆಯಲ್ಲಿ ಒಂದೊಂದಾಗಿ ಒಡೆದು ಹಾಕುವ ಸದ್ದು ಹೊರಗೆ ಕೇಳಿಸಿತು. ಕಪ್ಪು ಜನರು ತಿಂದ ತಟ್ಟೆಯನ್ನು ತೊಳೆದು ಬಳಸಲೂ ಅವರಿಗೆ ಮನಸ್ಸಿರಲಿಲ್ಲ. ನಾಯಿ ನೆಕ್ಕಿದ್ದರೆ ಆ ತಟ್ಟೆಗಳು ತೊಳೆಸಿಕೊಂಡು ಉಳಿಯುತ್ತಿದ್ದುವು ಎಂದು ಆರನ್ನರು ಹೇಳಿಕೊಂಡಿದ್ದಾರೆ. ಮುಟ್ಟು ಮೈಲಿಗೆಯೆಂಬ ಮಾತಿನ ಕಹಿಯನ್ನು ಬಲ್ಲ ನಮ್ಮ ನಾಡಿನವರಿಗೆ ಆ ಸದ್ದು ಅಪರಿಚಿತವಾಗಿ ತೋರಲಾರದು.

ಕ್ಲೌನ್ಸ್‌ನಲ್ಲಿ ಅವನು ಇದ್ದುದು ಕೆಲವೇ ತಿಂಗಳು. ಅಷ್ಟರಲ್ಲಿಯೇ ದೊಡ್ಡ ಲೀಗಿನ ಎರಡು ಪಕ್ಷಗಳು ಬೆನ್ನುಹತ್ತಿದುವು: ನ್ಯೂಯಾರ್ಕಿನ ಜಯಂಟ್ಸ್, ಬಾಸ್ಟನ್ನಿನ ಬ್ರೇವ್ಸ್. ತಿಂಗಳಿಗೆ ೫೦ ಡಾಲರು ಹೆಚ್ಚು ಕೊಡಲೊಪ್ಪಿದ್ದರಿಂದ ಬ್ರೇವ್ಸ್‌ಗೆ ಸಹಿ ಹಾಕಿದೆನೆಂದು ಅವರು ಹೇಳುತ್ತಿದ್ದರು. ಜಯಂಟ್ಸ್‌ನಲ್ಲಿ ಆಗಲೇ ವಿಲ್ಲಿ ಮೇಸ್ ಎಂಬ ಇನ್ನೊಬ್ಬ ಮಹಾ ಆಟಗಾರನಿದ್ದನು. ಐವತ್ತು ಡಾಲರು ಅಡ್ಡಬರದಿದ್ದರೆ ಇಬ್ಬರೂ ಒಂದೇ ಪಕ್ಷದಲ್ಲಿ ಆಡುತ್ತಿದ್ದರು! ಕ್ಲೌನ್ಸ್‌ನ ಮಾಲಿಕನಿಗೆ ಬ್ರೇವ್ಸ್ ೧೦,೦೦೦ ಡಾಲರು ತೆತ್ತಿತು.

ಏಣಿಯ ಮೆಟ್ಟಿಲುಗಳು

ಸಹಿ ಹಾಕಿದೊಡನೆ ದೊಡ್ಡ ಲೀಗಿನ ಮೈದಾನಕ್ಕೆ ಇಳಿಯುವಂತಿಲ್ಲ. ಇದು ಅಮೆರಿಕದ ವೃತ್ತಿಕ್ರೀಡೆಯ ವಿಶೇಷ. ಪ್ರತಿಯೊಂದು ದೊಡ್ಡ ಪಕ್ಷಕ್ಕೂ ಕೆಳಗೆ ಚಿಕ್ಕ ಪಟ್ಟಣಗಳಲ್ಲಿ ಹಲವು ಮರಿತಂಡಗಳು ಇರುತ್ತವೆ. ಆ ದಿನಗಳಲ್ಲಿ ಅವುಗಳಿಗೆ ಡಿ, ಸಿ, ಬಿ, ಎ ಎಂದು ದರ್ಜೆಗಳಿದ್ದುವು. ಎ ದರ್ಜೆಯ ಮೇಲೆ ಮತ್ತೆರಡು ಮೆಟ್ಟಿಲು. ಹುಡುಗರು ಒಂದೊಂದನ್ನೇ ಏರಿ ಬರಬೇಕು. ಬಹುಪಾಲು ಜನ ನಡುದಾರಿಯಲ್ಲಿಯೇ ಉಳಿದು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

ಹೆನ್ರಿಯನ್ನು ಉತ್ತರದ ವಿಸ್ಕಾನ್ಸಿನ್ ಸಂಸ್ಥಾನದ ಓ ಕ್ಲೇರ್ ಎಂಬ ಊರಿನ ಸಿ ದರ್ಜೆಯ ತಂಡಕ್ಕೆ ಕಳುಹಿಸಿದರು. ಅಡ್ಡಗೈ ಹಿಡಿತವನ್ನು ಆ ಹೊತ್ತಿಗೆ ಬಿಟ್ಟಿದ್ದನು. ಆ ಊರಿನಲ್ಲಿ ಎತ್ತ ನೋಡಿದರೂ ಬಿಳಿಯರು. ಯಾರೂ ಬಯ್ಯಲಿಲ್ಲ, ಮಾತನಾಡಿಸುವವರೂ ಕಡಮೆ. ಹುಟ್ಟಿದಂದಿನಿಂದ ಬಿಳಿಯರ ಜೊತೆ ಬೆರೆತು ಗೊತ್ತಿಲ್ಲದ ಹುಡುಗನು ಬಾಯಿ ಬಿಡಲು ಹೆದರಿ ಕೋಣೆಯಲ್ಲಿ ಕುಳಿತನು. ಒಂದು ದಿನ ತಡೆಯಲಾರದೆ ಮನೆಗೆ ಟೆಲಿಫೋನ್ ಮಾಡಿ, ಎಲ್ಲ ಬಿಟ್ಟು ಬರುವೆನೆಂದನು. ಅಣ್ಣ ಹರ್ಬರ್ಟ್ ಫೋನ್ ತೆಗೆದುಕೊಂಡು, ಇಂಥ ಅವಕಾಶವನ್ನು ಕೈಬಿಟ್ಟು ಬಂದರೆ ನಿನ್ನಂಥ ಹುಚ್ಚನಿಲ್ಲ, ಇಲ್ಲಿ ನಿನಗೇನು ಕಾದಿದೆ ಎಂದು ಗದರಿಸಿದನು. ತಮ್ಮ ಉಳಿದನು. ಬೇಸ್‌ಬಾಲಿನ ಇತಿಹಾಸದಲ್ಲಿ ಆ ಒಂದು ಟೆಲಿಫೋನ್ ಕರೆಗೆ ಎಷ್ಟು ಬೆಲೆಯೋ! ಆ ಋತುವಿನ ೮೭ ಆಟಗಳಲ್ಲಿ ಹೆನ್ರಿ ಸಾವಿರಕ್ಕೆ ೩೩೬ರ ಸರಾಸರಿಯಿಂದ ಹೊಡೆದು, ಲೀಗಿನ ಅತ್ಯುತ್ತಮ ಹೊಸ ಆಟಗಾರನೆಂಬ ಗೌರವ ಪಡೆದನು.

೧೯೫೩ರಲ್ಲಿ ಅವನನ್ನು ಎ ದರ್ಜೆಗೆ ಏರಿಸಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್ ತಂಡಕ್ಕೆ ಹಾಕಿದರು. ಏರಿದ್ದೇನೋ ನಿಜ, ಆದರೆ ಇದು ದಕ್ಷಿಣದ ಲೀಗು. ಅಲ್ಲಿ ಅದುವರೆಗೆ ಕಪ್ಪು ಆಟಗಾರರೇ ಆಡಿರಲಿಲ್ಲ. ಹೆನ್ರಿ, ಹೋರೇಸ್ ಗಾರ್ನರ್, ಪೋರ್ಟೊ ರಿಕೊದ ಫೆಲಿಕ್ಸ್ ಮಾಂಟಿಲ್ಲಾ ಈ ಮೂವರು ಆ ವರುಷ ಆ ಲೀಗಿನ ಬೇಲಿಯನ್ನು ಮುರಿದವರಲ್ಲಿ ಸೇರಿದರು. ಊರೂರಿನ ಪ್ರೇಕ್ಷಕರಿಂದ ಬೈಗುಳ, ಬೆದರಿಕೆ. ಪ್ರಯಾಣದಲ್ಲಿ ಬಿಳಿಯ ಜೊತೆಗಾರರು ಹೋಟೆಲಿಗಿಳಿದು ಉಣ್ಣುತ್ತಿದ್ದರೆ ಈ ಮೂವರು ಬಸ್ಸಿನಲ್ಲಿಯೇ ಕುಳಿತು, ಯಾರಾದರೂ ತಂದುಕೊಟ್ಟುದನ್ನು ತಿನ್ನಬೇಕು. ರಾತ್ರಿ ಆ ಊರಿನ ಯಾರೋ ಕಪ್ಪು ಕುಟುಂಬದವರ ಮನೆಯಲ್ಲಿ ವಸತಿ. ತಂಡದ ಮ್ಯಾನೇಜರ್ ಬೆನ್ ಗೆರಾಟಿ ಎಂಬ ಸಜ್ಜನನು ಬಿಳಿಯನಾಗಿದ್ದೂ ಆ ಮನೆಗಳಿಗೆ ಹುಡುಕಿಕೊಂಡು ಹೋಗಿ, ಅವರೊಡನೆ ಕುಳಿತು ಆಟದ ಸೂಕ್ಷ್ಮಗಳನ್ನು ಮಾತನಾಡಿ ಬರುತ್ತಿದ್ದನು.

ಹೆನ್ರಿ ಬೈಗುಳಕ್ಕೆ ಬೈಗುಳ ಕೊಡಲಿಲ್ಲ. ೩೬೨ರ ಸರಾಸರಿ, ೨೨ ಹೋಂ ರನ್, ೧೨೫ ಓಟಗಳನ್ನು ತಂದ ಹೊಡೆತಗಳು: ಇದು ಅವನ ಉತ್ತರ. ಜ್ಯಾಕ್ಸನ್‌ವಿಲ್ ಮೊದಲ ಸ್ಥಾನಕ್ಕೆ ಬಂದಿತು. ಲೀಗಿನ ಅತ್ಯಂತ ಮೌಲ್ಯವುಳ್ಳ ಆಟಗಾರನೆಂಬ ಪ್ರಶಸ್ತಿ ಹೆನ್ರಿಗೆ ಸಂದಿತು. ಹೋಟೆಲಿನ ಕೋಣೆ ಪಡೆಯುವುದೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿಯೂ ಅವನೇ ಮೊದಲಿಗನೆಂದು ಆ ದಿನಗಳಲ್ಲಿ ಒಂದು ಚಾಟುಮಾತೇ ಹುಟ್ಟಿತು. ನಗಿಸುವ ಮಾತಲ್ಲವೇ? ನಕ್ಕ ಮೇಲೆ ಮನಸ್ಸು ಚುಚ್ಚುವ ಮಾತು.

ಬಾಗಿಲು ತೆರೆದ ಗಳಿಗೆ

ಆ ಚಳಿಗಾಲ ಪೋರ್ಟೊ ರಿಕೊಕ್ಕೆ ಹೋಗಿ ಆಡುತ್ತ ಹೊರಮೈದಾನದ ಕಾವಲನ್ನು ಕಲಿತನು. ಅದುವರೆಗೆ ಎರಡನೆಯ ನೆಲೆಯ ಬಳಿ ನಿಂತು ತಪ್ಪುಗಳನ್ನು ಮಾಡುತ್ತಿದ್ದವನಿಗೆ ಇದು ತಕ್ಕ ಸ್ಥಳವಾಯಿತು. ಅಷ್ಟರಲ್ಲಿ ಬ್ರೇವ್ಸ್ ಪಕ್ಷ ಬಾಸ್ಟನ್ ಬಿಟ್ಟು ಮಿಲ್ವಾಕಿಗೆ ಬಂದಿತ್ತು. ೧೯೫೪ರ ಅಭ್ಯಾಸಶಿಬಿರದಲ್ಲಿ ಹೆನ್ರಿಗೆ ಸ್ಥಾನ ಖಚಿತವಿರಲಿಲ್ಲ. ಹೊರಮೈದಾನಕ್ಕೆಂದು ಬಾಬಿ ಥಾಮ್‌ಸನ್ ಎಂಬ ಹೆಸರಾಂತ ಆಟಗಾರನನ್ನು ತಂದಿದ್ದರು. ಮಾರ್ಚ್ ೧೩ರಂದು ಥಾಮ್‌ಸನ್ ನೆಲೆಗೆ ಜಾರುವಾಗ ಕಾಲಿನ ಹರಡು ಮುರಿಯಿತು. ಒಬ್ಬನ ದುರದೃಷ್ಟ ಇನ್ನೊಬ್ಬನಿಗೆ ಅವಕಾಶವಾಯಿತು. ಹಾಗೆಂದು ಇದನ್ನು ಬರಿಯ ಅದೃಷ್ಟವೆನ್ನಲಾಗದು. ಬಾಗಿಲು ತೆರೆದ ಗಳಿಗೆಯಲ್ಲಿ ಹೊಸ್ತಿಲ ಬಳಿ ಸಿದ್ಧನಾಗಿ ನಿಂತಿದ್ದವನು ಹೆನ್ರಿ.

೧೯೫೪ರ ಏಪ್ರಿಲ್ ೧೩ರಂದು, ಇಪ್ಪತ್ತರ ಹರೆಯದಲ್ಲಿ, ಸಿನ್ಸಿನಾಟಿಯಲ್ಲಿ ಮೊದಲ ಆಟ. ಐದು ಸಲ ದಾಂಡು ಹಿಡಿದನು. ಐದು ಸಲವೂ ಬರಿಗೈ! ಹತ್ತು ದಿನಗಳ ಮೇಲೆ, ಏಪ್ರಿಲ್ ೨೩ರಂದು, ಸೇಂಟ್ ಲೂಯಿಸಿನಲ್ಲಿ ಮೊದಲ ಹೋಂ ರನ್. ಸೆಪ್ಟೆಂಬರಿನಲ್ಲಿ ಅವನ ಕಾಲಿನ ಹರಡೂ ಮುರಿಯಿತು. ಆ ವೇಳೆಗೆ ೧೨೨ ಆಟಗಳಲ್ಲಿ ೧೩ ಹೋಂ ರನ್ ಹೊಡೆದಿದ್ದನು. ರಾಬಿನ್‌ಸನ್ ಇನ್ನೂ ಆಡುತ್ತಿದ್ದರು. ಅವರು ಬಿಟ್ಟುದು ೧೯೫೬ರ ಋತುವಿನ ಬಳಿಕ. ಹದಿನಾಲ್ಕರ ಹುಡುಗನ ನಿಶ್ಚಯ ನೆರವೇರಿತ್ತು.

ಮೂರೇ ವರುಷಗಳಲ್ಲಿ ಅವರು ಶಿಖರಕ್ಕೇರಿದರು. ೧೯೫೭ರಲ್ಲಿ ೪೪ ಹೋಂ ರನ್ ಹೊಡೆದು ರಾಷ್ಟ್ರೀಯ ಲೀಗಿನ ಅತ್ಯಂತ ಮೌಲ್ಯವುಳ್ಳ ಆಟಗಾರರಾದರು. ಸೆಪ್ಟೆಂಬರ್ ೨೩ರ ರಾತ್ರಿ, ಹನ್ನೊಂದನೆಯ ಸರದಿಯಲ್ಲಿ ಅವರು ಬೇಲಿ ದಾಟಿಸಿದ ಚೆಂಡು ಬ್ರೇವ್ಸ್‌ಗೆ ಲೀಗಿನ ಪಟ್ಟವನ್ನು ಗೆದ್ದುಕೊಟ್ಟಿತು. ಆಮೇಲೆ ನ್ಯೂಯಾರ್ಕಿನ ಯಾಂಕೀಸ್ ಪಕ್ಷವನ್ನು ನಾಲ್ಕಕ್ಕೆ ಮೂರರಿಂದ ಸೋಲಿಸಿ ‘ವರ್ಲ್ಡ್ ಸೀರೀಸ್’ ಗೆದ್ದರು. ಆಗ ಅವರಿಗೆ ೨೩ ವರುಷ.

ಮುಂದಿನದು ದೀರ್ಘ ಕಥೆ. ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಆರನ್ನರು ಒಂದೇ ವರುಷದಲ್ಲಿ ೪೭ಕ್ಕಿಂತ ಹೆಚ್ಚು ಹೋಂ ರನ್ ಎಂದೂ ಹೊಡೆಯಲಿಲ್ಲ. ಆದರೆ ೨೩ ವರುಷ ಎಡೆಬಿಡದೆ ಹೊಡೆದರು. ಬೇಬ್ ರೂತ್ ಎಂಬ ಬಿಳಿಯ ವೀರನ ೭೧೪ರ ದಾಖಲೆಯನ್ನು ಸಮೀಪಿಸಿದಾಗ, ೧೯೭೩ರಲ್ಲಿ, ಅವರಿಗೆ ಒಂಬತ್ತು ಲಕ್ಷಕ್ಕೂ ಮೀರಿ ಕಾಗದಗಳು ಬಂದುವು. ಅವುಗಳಲ್ಲಿ ಹರಸಿದವೂ ಇದ್ದುವು, ಕೊಲ್ಲುವೆವೆಂದು ಬೆದರಿಸಿದವೂ ಇದ್ದುವು. ೧೯೭೪ರ ಏಪ್ರಿಲ್ ೮ರಂದು ಅಟ್ಲಾಂಟಾದಲ್ಲಿ ೭೧೫ನೆಯದನ್ನು ಹೊಡೆದಾಗ ತಾಯಿ ಎಸ್ಟೆಲ್ಲಾ ಮೈದಾನಕ್ಕಿಳಿದು ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ೧೯೭೬ರಲ್ಲಿ ನಿವೃತ್ತರಾದಾಗ ಎಣಿಕೆ ೭೫೫. ಆ ದಾಖಲೆಯನ್ನು ೨೦೦೭ರಲ್ಲಿ ಬ್ಯಾರಿ ಬಾಂಡ್ಸ್ ದಾಟಿದರು. ೨೦೨೧ರ ಜನವರಿ ೨೨ರಂದು ಆರನ್ ತೀರಿಕೊಂಡರು. ಆಗ ಅವರಿಗೆ ೮೬.

ದಾಖಲೆಗಳನ್ನು ಇನ್ನೊಬ್ಬರು ಮುರಿಯುತ್ತಾರೆ. ಅದು ಆಟದ ಧರ್ಮ. ನಮಗೆ ಹಿಡಿಸಿದ್ದು ಎಣಿಕೆಗಿಂತ ಮೊದಲಿನ ಭಾಗ. ತಟ್ಟೆ ಒಡೆಯುವ ಸದ್ದು ಕೇಳಿಯೂ ಸಂಜೆಯ ಆಟಕ್ಕೆ ಸಿದ್ಧನಾದ ಹುಡುಗ, ಒಂಟಿತನ ತಾಳಲಾರದೆ ಅತ್ತರೂ ಅಣ್ಣನ ಮಾತಿಗೆ ನಿಂತ ಹುಡುಗ. ಪರಸ್ಥಳದ ಕೋಣೆಯಲ್ಲಿ ಒಬ್ಬನೇ ಕುಳಿತು, ಬಿಟ್ಟು ಹೋಗಿಬಿಡಲೇ ಎಂದು ಯೋಚಿಸುತ್ತಿರುವ ಯಾವ ತರುಣನಾದರೂ ಈ ಪುಟವನ್ನು ಓದಿದ್ದಾದರೆ ಅವನಿಗೂ ಅಂಥ ಒಬ್ಬ ಅಣ್ಣನ ದನಿ ಕೇಳಿಸಲೆಂದು ನಾವು ಹಾರೈಸುತ್ತೇವೆ. ಹಾಗೆ ಹೇಳುವ ಅಣ್ಣಂದಿರಾಗುವುದು ನಮ್ಮ ಕೆಲಸವೂ ಹೌದು.