ಗೋರಿಗಳ ನಡುವೆ ಐದು ಮೀಟರ್ ತಪ್ಪು

2000ದ ಏಪ್ರಿಲ್‌ನಲ್ಲಿ ಯಾರಾದರೂ ಜಿಪಿಎಸ್ ಯಂತ್ರ ಹಿಡಿದು ಸ್ಮಶಾನದಲ್ಲಿ ಡಬ್ಬಿ ಹುಡುಕಲು ಹೊರಟಿದ್ದರೆ, ಪಕ್ಕದ ಬೀದಿಯ ಹಿತ್ತಿಲಲ್ಲಿ ಹೋಗಿ ನಿಲ್ಲಬೇಕಾಗುತ್ತಿತ್ತು. ನಾಗರಿಕರಿಗೆ ಬಿಡುವ ಸಂಕೇತದಲ್ಲಿ ಅಮೆರಿಕದ ಸೇನೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರ್‌ವರೆಗೆ ಅಂತರ. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಮೇ 2ರಂದು ಆ ಕಲಬೆರಕೆ ನಿಂತಿತು.

ಮರುದಿನವೇ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಪ್ಪು ಬಕೆಟ್ಟೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಜಗಜ್ಜಾಹೀರು ಮಾಡಿದರು. ಒಳಗೆ ಪುಸ್ತಕ, ವಿಡಿಯೊ ಕ್ಯಾಸೆಟ್, ಕವಣೆ ಮತ್ತು ಬೀನ್ಸ್ ತುಂಬಿದ ಡಬ್ಬಿ! ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬುವರು ಅದನ್ನು ಪತ್ತೆಹಚ್ಚಿದರು. ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಜಿಯೊಕ್ಯಾಚಿಂಗ್ ಆಟ ಶುರುವಾಗಿದ್ದು ಹೀಗೆ.

ಈ ಆಟ ಬಹುಬೇಗ ಅಮೆರಿಕದ ಊರೂರಿನ ಹಳೆಯ ಸ್ಮಶಾನಗಳಿಗೂ ಕಾಲಿಟ್ಟಿತು. ಕಾರಣ ಸರಳ: ಅಲ್ಲಿ ಕಲ್ಲುಕಲ್ಲಿನ ಮೇಲೂ ಅಂಕಿಗಳಿವೆ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ವುಡ್‌ಲಾನ್ ಸ್ಮಶಾನದಲ್ಲಿ ಸಾಹಿತಿ ಮಾರ್ಕ್ ಟ್ವೇನ್ ಅವರ ಸಮಾಧಿಯಿದೆ. ಅವರು ಹುಟ್ಟಿದ್ದು 1835ರಲ್ಲಿ, ತೀರಿಕೊಂಡದ್ದು 1910ರಲ್ಲಿ. ಅಲ್ಲೊಂದು ಒಗಟು ಕಟ್ಟುವುದಾದರೆ 35 ಎಂಬ ಅಂಕಿಯನ್ನು ಅಕ್ಷಾಂಶಕ್ಕೂ 10 ಎಂಬುದನ್ನು ರೇಖಾಂಶಕ್ಕೂ ತುಂಬಿಸಿ ಡಬ್ಬಿಯ ಜಾಗ ಹೇಳಬಹುದು. ಆಟಗಾರರು ಬಳಸುವುದು ಡಿಗ್ರಿ, ಮಿನಿಟು ಮತ್ತು ಮಿನಿಟಿನ ಮೂರು ದಶಾಂಶ ಸ್ಥಾನಗಳ ಲೆಕ್ಕ. ಅಕ್ಷಾಂಶದ ಕೊನೆಯ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ. ಆದರೆ ಮೊದಲ ದಶಾಂಶ ಸ್ಥಾನದ 3 ಅನ್ನು 8 ಎಂದು ಓದಿಬಿಟ್ಟರೆ ಒಂದು ಕಿಲೋಮೀಟರಿನಷ್ಟು ದಾರಿ ತಪ್ಪಿದಂತೆಯೇ.

ಹಾಗೆ ಓದುವುದು ತೀರಾ ಸುಲಭ. ಹಳೆಯ ಗೋರಿಕಲ್ಲುಗಳಲ್ಲಿ ಬಹಳಷ್ಟು ಅಮೃತಶಿಲೆಯವು. ಆಮ್ಲ ಬೆರೆತ ಮಳೆಗೆ ಅದು ಕರಗುತ್ತದೆ, ಅಕ್ಷರದ ಅಂಚು ಸವೆಯುತ್ತದೆ. ಸೀಮೆಸುಣ್ಣ ತಿಕ್ಕಿದರೆ ಕಲ್ಲು ಹಾಳು. ಬಲ್ಲವರು ಕನ್ನಡಿ ತರುತ್ತಾರೆ. ಬಿಸಿಲನ್ನು ಕಲ್ಲಿನ ಮೈಗೆ ಓರೆಯಾಗಿ ಹಾಯಿಸಿದರೆ ಸವೆದ ಗೆರೆಗಳಲ್ಲಿ ನೆರಳು ಕೂತು, ಕಾಣದಿದ್ದ ಇಸವಿ ಎದ್ದು ಬರುತ್ತದೆ.

ಇನ್ನು ಕೈಯಲ್ಲಿರುವ ಯಂತ್ರ. ಜಿಪಿಎಸ್ ಉಪಗ್ರಹಗಳು ಮೇಲಿಂದ ನಮ್ಮನ್ನು ನೋಡುತ್ತಿವೆ ಎಂಬ ಕಲ್ಪನೆ ಅನೇಕರಿಗಿದೆ. ಅವು ಏನನ್ನೂ ನೋಡುವುದಿಲ್ಲ. 20,200 ಕಿಲೋಮೀಟರ್ ಎತ್ತರದಿಂದ ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಸಾರುತ್ತಿರುತ್ತವೆ, ಅಷ್ಟೆ. ನೆತ್ತಿಯ ಮೇಲಿರುವ ಉಪಗ್ರಹದ ಸಂಕೇತ ಕೆಳಗೆ ತಲುಪಲು ಸುಮಾರು 67 ಮಿಲಿಸೆಕೆಂಡ್ ಬೇಕು. ಆ ತಡವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಮೂರು ದೂರಗಳಿಂದ ಜಾಗ ಗುರುತಿಸಬಹುದು. ಆದರೆ ಮೊಬೈಲಿನ ಗಡಿಯಾರ ಅಗ್ಗದ್ದು, ಅದು ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ಎಡವಟ್ಟು. ಆ ಗಡಿಯಾರದ ತಪ್ಪನ್ನು ಲೆಕ್ಕಹಾಕಿ ತೆಗೆಯಲೆಂದೇ ನಾಲ್ಕನೆಯ ಉಪಗ್ರಹ ಬೇಕು. ಇದರ ಮೇಲೆ ಐನ್‌ಸ್ಟೈನ್ ಕಾಟ ಬೇರೆ: ಸಾಪೇಕ್ಷತೆಯಿಂದಾಗಿ ಉಪಗ್ರಹದ ಪರಮಾಣು ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ಮೀರಿದ ತಪ್ಪು ಕೂಡುತ್ತದೆ.

ಇಷ್ಟೆಲ್ಲ ಆದ ಮೇಲೂ ತೆರೆದ ಬಯಲಿನಲ್ಲಿ ಫೋನು ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಸ್ಮಶಾನದ ಮುದಿ ಮರಗಳ ಒದ್ದೆ ಎಲೆಗಳು ಸಂಕೇತವನ್ನು ಹೀರಿಕೊಳ್ಳುತ್ತವೆ, ಎತ್ತರದ ಸ್ಮಾರಕಗಳು ಅದನ್ನು ಪುಟಿಸುತ್ತವೆ. ಪುಟಿದು ಬಂದ ಸಂಕೇತ ತಡವಾಗಿ ತಲುಪುವುದರಿಂದ ಯಂತ್ರ ದೂರವನ್ನು ಹೆಚ್ಚಾಗಿ ಎಣಿಸುತ್ತದೆ. ಆಟದ ಸೊಗಸಿರುವುದು ಈ ಕೊರತೆಯಲ್ಲೇ. ಬಾಣದ ಗುರುತು ನೇರ ಡಬ್ಬಿಯ ಮೇಲೆ ಕೂತಿದ್ದರೆ ಹುಡುಕುವುದಕ್ಕೆ ಏನು ಉಳಿಯುತ್ತಿತ್ತು?

ಸ್ಮಶಾನದಲ್ಲಿ ಈ ಆಟ ಆಡುವುದು ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಗೋರಿಗಳ ನಡುವೆ ಓಡಾಡಿ ತಡಕಾಡುವುದು ಸತ್ತವರಿಗೆ ಅಗೌರವ ಎಂದು ಸಿಡಿಮಿಡಿಗೊಂಡವರಿದ್ದರು. 2005ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಸ್ಮಶಾನದಲ್ಲಿ ಜಿಯೊಕ್ಯಾಚಿಂಗ್ ಆಡುವುದನ್ನು ಅಪರಾಧವಾಗಿಸುವ ಮಸೂದೆ ಬಂತು. ಕೆಳಮನೆ ಒಪ್ಪಿತು, ಆದರೆ ಮೇಲ್ಮನೆಯಲ್ಲಿ ಅದು ಮುಂದೆ ಸಾಗಲಿಲ್ಲ. ವಿರೋಧಿಸಿದವರ ಆತಂಕ ಸುಳ್ಳಲ್ಲ. ಒಗಟು ಕಟ್ಟುವವರೂ ಅದನ್ನು ಬಲ್ಲರು. ನೆಲ ಅಗೆದು ಹೂಳುವಂತಿಲ್ಲ, ಜಾಗದವರ ಅನುಮತಿ ಬೇಕು ಎಂಬುದು ಆಟದ ನಿಯಮ. ಅನೇಕರು ಗೋರಿಗಳಿಂದ ಅಂಕಿಗಳನ್ನಷ್ಟೇ ಓದಿಸಿ, ಡಬ್ಬಿಯನ್ನು ಬೇಲಿಯಾಚೆ ಅಯಸ್ಕಾಂತದಿಂದ ಅಂಟಿಸಿರುತ್ತಾರೆ. ಬೆರಳ ತುದಿಯಷ್ಟೇ ಇರುವ ಅಂಥ ಡಬ್ಬಿಯಲ್ಲಿ ಸುರುಳಿ ಚೀಟಿಗೆ ಮಾತ್ರ ಜಾಗ. ಸಹಿ ಹಾಕಲು ಪೆನ್ನನ್ನು ಬಂದವರೇ ತರಬೇಕು.