ಊದಿದ ಕೀಲಿಗೆ ವಿಕಿರಣದ ಮದ್ದು

ನಿಮ್ಮ ಮನೆಯಲ್ಲಿ ಸಂಧಿವಾತದಿಂದ ನರಳುವವರಿದ್ದರೆ ಈ ಅನುಭವ ಹೊಸದಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಬೆರಳು, ಮಣಿಕಟ್ಟು, ಭುಜ ಎಲ್ಲವೂ ಹತೋಟಿಗೆ ಬಂದಿರುತ್ತವೆ. ಒಂದು ಮಂಡಿ ಮಾತ್ರ ಹಟ ಹಿಡಿದಂತೆ ಊದಿಕೊಂಡೇ ಇರುತ್ತದೆ. ವೈದ್ಯರು ನೀರು ತೆಗೆದು ಸ್ಟೀರಾಯ್ಡ್ ಚುಚ್ಚುತ್ತಾರೆ. ಕೆಲವು ವಾರ ಹಾಯೆನಿಸುತ್ತದೆ. ಮತ್ತೆ ನೀರು ತುಂಬುತ್ತದೆ. ಇಂಥ ಕೀಲಿನೊಳಕ್ಕೆ ವಿಕಿರಣ ಸೂಸುವ ಮದ್ದನ್ನು ನೇರವಾಗಿ ಚುಚ್ಚುವ ಚಿಕಿತ್ಸೆಯೊಂದಿದೆ. ವಿಕಿರಣ ಎಂದೊಡನೆ ಅಣುಬಾಂಬು, ಕ್ಯಾನ್ಸರ್ ನೆನಪಾಗಿ ಗಾಬರಿಯಾಗುವುದು ಸಹಜ. ವಿಷಯ ತಿಳಿದರೆ ಆ ಗಾಬರಿ ಕಡಿಮೆಯಾದೀತು. ಅತಿ ಆಸೆಯೂ ಕಡಿಮೆಯಾದೀತು.

ಕೀಲಿನ ಒಳಗೋಡೆಗೆ ತೆಳುವಾದ ಪೊರೆಯೊಂದು ಹೊದ್ದಿಕೊಂಡಿರುತ್ತದೆ. ಕೀಲು ಸರಾಗವಾಗಿ ಆಡಲೆಂದು ಲೋಳೆಯಂಥ ದ್ರವವನ್ನು ಒಸರುವುದು ಅದರ ಕೆಲಸ. ಸಂಧಿವಾತದಲ್ಲಿ ಈ ಪೊರೆಗೇ ಉರಿಯೂತ. ಅದು ದಪ್ಪಗಾಗಿ, ಪಾಚಿಯಂತೆ ಹಬ್ಬಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನತೊಡಗುತ್ತದೆ. ಶಸ್ತ್ರಕ್ರಿಯೆ ಮಾಡಿ ಪೊರೆಯನ್ನು ತೆಗೆಯುವುದು ಒಂದು ದಾರಿ. ಅದೇ ಕೆಲಸವನ್ನು ವಿಕಿರಣದಿಂದ ಮಾಡಿಸಬಹುದೇ ಎಂದು 1952ರಲ್ಲಿ ಆಸ್ಟ್ರಿಯಾದ ವೈದ್ಯರಾದ ಫೆಲಿಂಗರ್ ಮತ್ತು ಷ್ಮಿಡ್ ವಿಕಿರಣಶೀಲ ಚಿನ್ನವನ್ನು ಪ್ರಯೋಗಿಸಿದರು. ಚಿನ್ನ ದೂರ ಸಾಗುವ ಗಾಮಾ ಕಿರಣಗಳನ್ನೂ ಸೂಸುತ್ತದೆ. ಹಾಗಾಗಿ ಮುಂದೆ ಬೀಟಾ ಕಣ ಸೂಸುವ ಧಾತುಗಳು ಬಂದವು: ಮಂಡಿಗೆ ಇಟ್ರಿಯಂ-90, ಮೊಣಕೈ, ಭುಜಗಳಿಗೆ ರೀನಿಯಂ-186, ಬೆರಳ ಗೆಣ್ಣುಗಳಿಗೆ ಅರ್ಬಿಯಂ-169. ಇಟ್ರಿಯಂನ ಬೀಟಾ ಕಣ ಮಾಂಸದಲ್ಲಿ ಹೆಚ್ಚೆಂದರೆ 11 ಮಿಲಿಮೀಟರ್ ಸಾಗೀತು. ಅರ್ಬಿಯಂನದು ಒಂದು ಮಿಲಿಮೀಟರ್ ಅಷ್ಟೆ. ಸುಮಾರು 64 ಗಂಟೆಗಳಲ್ಲಿ ಇಟ್ರಿಯಂನ ಶಕ್ತಿ ಅರ್ಧಕ್ಕಿಳಿಯುತ್ತದೆ.

ಮದ್ದಿನ ಜಾಣತನ ಇರುವುದು ಅದರ ಕಣಗಳ ಗಾತ್ರದಲ್ಲಿ. ಕೀಲಿನಿಂದ ಸೋರಿ ಹೋಗದಷ್ಟು ದೊಡ್ಡದು, ಪೊರೆಯ ಜೀವಕೋಶಗಳು ನುಂಗುವಷ್ಟು ಸಣ್ಣದು. ಕಸವೆಂದು ಭಾವಿಸಿ ಅವು ನುಂಗುತ್ತವೆ. ನುಂಗಿದ್ದೇ ಅವನ್ನು ಸುಡುತ್ತದೆ.

ಚುಚ್ಚುವ ಕೆಲಸ ಕೆಲವೇ ನಿಮಿಷಗಳದ್ದು. ಕೀಲಿನ ನೀರು ತೆಗೆದು, ಮದ್ದಿನ ಜೊತೆಗೆ ಸಾಮಾನ್ಯವಾಗಿ ಸ್ಟೀರಾಯ್ಡನ್ನೂ ಕೊಡುತ್ತಾರೆ. ಆಮೇಲಿನ 48 ಗಂಟೆ ಮುಖ್ಯ. ಕೀಲು ಅಲುಗದಂತೆ ಪಟ್ಟಿ ಕಟ್ಟಿರುತ್ತಾರೆ. ಓಡಾಡಿದರೆ ಮದ್ದು ತೊಡೆಸಂದಿಯ ಗ್ರಂಥಿಗಳಿಗೆ ಸೋರಬಹುದು. 'ಈಗ ನೋವಿಲ್ಲವಲ್ಲ' ಎಂದು ಪಟ್ಟಿ ಬಿಚ್ಚಿ ಅಡುಗೆಮನೆಗೆ ನಡೆಯುವ ಗೃಹಿಣಿಯರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮನೆಯವರು ಪಕ್ಕದಲ್ಲಿ ಕೂರಲು, ಒಟ್ಟಿಗೆ ಉಣ್ಣಲು ಅಡ್ಡಿಯಿಲ್ಲ. ಮೊದಲ ಕೆಲವು ದಿನ ನೋವು, ಊತ ಹೆಚ್ಚಬಹುದು. ಗುಣ ಕಾಣಲು ಒಂದು ತಿಂಗಳು, ಕೆಲವರಿಗೆ ಮೂರು ತಿಂಗಳೂ ಬೇಕು.

ಗರ್ಭಿಣಿಯರಿಗೆ, ಎದೆಹಾಲುಣಿಸುವ ತಾಯಂದಿರಿಗೆ ಈ ಚಿಕಿತ್ಸೆ ಸಲ್ಲದು. ಕೀಲಿನಲ್ಲಿ ಸೋಂಕಿದ್ದರೆ, ಮಂಡಿಯ ಹಿಂಭಾಗದ ನೀರಗಂಟು ಒಡೆದಿದ್ದರೆ ಕೂಡದು. ಚಿಕಿತ್ಸೆ ಪಡೆದ ದೊಡ್ಡವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ವೈದ್ಯರು ಅಳೆದು ತೂಗಿಯೇ ಮುಂದುವರಿಯುತ್ತಾರೆ.

ಹಾಗಾದರೆ ನಿಮ್ಮ ತಾಯಿಯ ಮಂಡಿಗೂ ಚುಚ್ಚಿಸಬಹುದೇ? ಮೊದಲು ಎಕ್ಸ್‌ರೇ ನೋಡಿಸಿ. ವಯಸ್ಸಿನಿಂದ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತಿದ್ದರೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸುಡಬೇಕಾದ್ದು ಪೊರೆ, ಸವೆದದ್ದನ್ನು ಈ ಮದ್ದು ಕಟ್ಟಿಕೊಡಲಾರದು. ಸಂಧಿವಾತದಲ್ಲೂ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಗಳೇ ಮೊದಲ ಚಿಕಿತ್ಸೆ. ಅವನ್ನು ಬಿಟ್ಟು ಚುಚ್ಚುಮದ್ದಿನ ಹಿಂದೆ ಓಡುವುದು ತರವಲ್ಲ. ಹತ್ತು ರೋಗಿಗಳಲ್ಲಿ ಆರರಿಂದ ಎಂಟು ಮಂದಿಗೆ ಗುಣ ಸಿಗುತ್ತದೆಂದು ಈ ಕ್ಷೇತ್ರದ ತಜ್ಞರು ಹೇಳುತ್ತಾರೆ, ನಿಜ. ಆದರೆ 2005ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಊದಿದ ಮಂಡಿಗೆ ಇಟ್ರಿಯಂ ಸೇರಿಸಿ ಸ್ಟೀರಾಯ್ಡ್ ಕೊಟ್ಟವರಿಗೂ ಬರೀ ಸ್ಟೀರಾಯ್ಡ್ ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಿಮ್ಮ ವೈದ್ಯರಲ್ಲಿ ಸಂಕೋಚವಿಲ್ಲದೆ ಪ್ರಸ್ತಾಪಿಸಿ.

ನನ್ನ ಮಟ್ಟಿಗೆ ಈ ಚಿಕಿತ್ಸೆಯ ನಿಜವಾದ ಬೆಲೆ ತಿಳಿಯುವುದು ಕುಸುಮರೋಗವೆಂದೂ ಕರೆಯುವ ಹಿಮೋಫಿಲಿಯಾದಲ್ಲಿ. ಈ ರೋಗವಿರುವ ಹುಡುಗರಿಗೆ ಮಂಡಿ, ಪಾದದ ಕೀಲುಗಳಲ್ಲಿ ಪದೇ ಪದೇ ರಕ್ತ ಸುರಿಯುತ್ತದೆ. ರಕ್ತದಿಂದ ಪೊರೆ ಊದುತ್ತದೆ, ಊದಿದ ಪೊರೆಯಿಂದ ಮತ್ತೆ ರಕ್ತ. ಹೀಗೇ ಬಿಟ್ಟರೆ ಹದಿಹರೆಯದಲ್ಲೇ ಕಾಲು ಮಡಚಿಕೊಂಡುಬಿಡುತ್ತದೆ. ಇವರಿಗೆ ಶಸ್ತ್ರಕ್ರಿಯೆಯೆಂದರೆ ದಿನಗಟ್ಟಲೆ ದುಬಾರಿ ಫ್ಯಾಕ್ಟರ್ ಬೇಕು. ವಿಕಿರಣದ ಚುಚ್ಚುಮದ್ದಿಗೆ ಅದರ ಸ್ವಲ್ಪ ಭಾಗ ಸಾಕು. ವಿಕಿರಣದ ಮದ್ದು ಸಿಗದ ಕಡೆ ರಿಫಾಂಪಿಸಿನ್ ಔಷಧವನ್ನೇ ವಾರಕ್ಕೊಮ್ಮೆ ಹಲವು ಸಲ ಕೀಲಿಗೆ ಚುಚ್ಚುವುದುಂಟು. ಮಗುವಿಗೆ ಅದು ನೋವಿನ ದಾರಿ.

ನಮ್ಮ ದೇಶದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಲುಟೀಷಿಯಂ-177, ಸಮೇರಿಯಂ-153 ಬಳಸಿ ಇಂಥ ಮದ್ದುಗಳನ್ನು ತಯಾರಿಸಿದ್ದಾರೆ. ಎಲ್ಲ ಊರುಗಳಲ್ಲೂ ಸಿಗುವಂಥದ್ದಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಹೋಗುವಾಗ ಹಳೆಯ ಎಕ್ಸ್‌ರೇಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಒಂದು ಸಲಕ್ಕೆ ಗುಣ ಸಾಲದೆ ಅದೇ ಕೀಲಿಗೆ ಮತ್ತೆ ಚುಚ್ಚಿಸಬೇಕಾದರೆ ಕನಿಷ್ಠ ಆರು ತಿಂಗಳು ಬಿಡಬೇಕು.