ಒಂದು ಮಿಲಿಮೀಟರಿನೊಳಗೆ ಹುಬ್ಬಳ್ಳಿ

ನಮ್ಮ ಹಳಿಗಳ ಮೇಲೆ ದಶಕಗಳ ಕಾಲ ಓಡಿದ, ಐಸಿಎಫ್ ಕಾರ್ಖಾನೆ ವಿನ್ಯಾಸದ ಬೋಗಿಯ ಉದ್ದ 21.3 ಮೀಟರ್. ಮಾದರಿ ರೈಲಿನ ಹವ್ಯಾಸಿಗಳ ಅಚ್ಚುಮೆಚ್ಚಿನ ಎಚ್‌ಒ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 24.5 ಸೆಂಟಿಮೀಟರ್ ಆಗುತ್ತದೆ. ಬೋಗಿಯನ್ನೇನೋ ಮಾಡಬಹುದು, ಕಷ್ಟವಿರುವುದು ಅದರ ಮೈಮೇಲಿನ ಬರಹದಲ್ಲಿ. ಮೂರು ಇಂಚಿನ ಅಕ್ಷರ ಮಾದರಿಯಲ್ಲಿ 0.9 ಮಿಲಿಮೀಟರ್ ಎತ್ತರಕ್ಕೆ ಕುಗ್ಗುತ್ತದೆ. ಕುಂಚದಲ್ಲಿ ಅದನ್ನು ಬರೆಯಬಲ್ಲ ಕೈ ಅಪರೂಪ. ಅದಕ್ಕೇ ಕಂಪ್ಯೂಟರಿನಲ್ಲಿ ಬರೆದು, ಡೆಕಾಲ್ ಕಾಗದದ ಮೇಲೆ ಮುದ್ರಿಸಿ ಅಂಟಿಸುತ್ತಾರೆ. ಈ ಕಾಗದದ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೊಂದು ತೆಳು ಪೊರೆ ಇರುತ್ತದೆ. ನೆನೆಸಿದಾಗ ಅಂಟು ಸಡಿಲವಾಗಿ, ಪೊರೆ ಶಾಯಿಯ ಸಮೇತ ಜಾರಿ ಬೋಗಿಯ ಮೇಲೆ ಕೂರುತ್ತದೆ.

ಬರೆಯುವುದಕ್ಕೆ ಯಾವ ತಂತ್ರಾಂಶ? ಫೋಟೊ ತಿದ್ದುವ ಗಿಂಪ್‌ನಂಥವು ಚಿತ್ರವನ್ನು ಪಿಕ್ಸೆಲ್‌ಗಳಾಗಿ, ಅಂದರೆ ಬಣ್ಣದ ಚೌಕಗಳಾಗಿ ಇಟ್ಟುಕೊಳ್ಳುತ್ತವೆ. ಹಿಗ್ಗಿಸಿ ಕುಗ್ಗಿಸಿದಷ್ಟೂ ಅಂಚು ಕದಡುತ್ತದೆ. ನಮಗೆ ಬೇಕಾದ್ದು ವೆಕ್ಟರ್ ಬಗೆ. ಅದು ಚಿತ್ರವನ್ನಲ್ಲ, ಚಿತ್ರ ಬರೆಯುವ ಗಣಿತವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದು ಬಾಗುಗೆರೆಗೆ ನಾಲ್ಕು ಬಿಂದು ಸಾಕು. ಎರಡು ಗೆರೆಯ ತುದಿಗಳಾದರೆ, ಇನ್ನೆರಡು ಅದನ್ನು ತಮ್ಮತ್ತ ಸೆಳೆಯುವ ಹಿಡಿಗಳು. ಫ್ರಾನ್ಸಿನ ರೆನೊ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳಿಗಾಗಿ ಈ ಗೆರೆಗಳನ್ನು ಬಳಕೆಗೆ ತಂದರು. ಅವರಿಗಿಂತ ಮೊದಲೇ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್‌ಜೊ ಇದೇ ದಾರಿ ಕಂಡುಕೊಂಡಿದ್ದರೂ ಹೆಸರು ಉಳಿದದ್ದು ಬೆಜಿಯೆಯದು. ನಮ್ಮ ‘ಠ’ದ ದುಂಡು ಇಂಥ ನಾಲ್ಕು ಗೆರೆಗಳಲ್ಲಿ ಮುಗಿಯುತ್ತದೆ. ಎಷ್ಟು ಕುಗ್ಗಿಸಿದರೂ ಲೆಕ್ಕ ಕೆಡುವುದಿಲ್ಲ.

ಅಡೋಬಿ ಇಲಸ್ಟ್ರೇಟರ್ ಇದೇ ಜಾತಿಯದು, ಆದರೆ ಅದಕ್ಕೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಡಿಟಿಪಿ ಅಂಗಡಿಗಳ ಕೋರೆಲ್ ಡ್ರಾ ಕೂಡ ಹವ್ಯಾಸಿಗೆ ದುಬಾರಿಯೇ. ವರ್ಷಕ್ಕೆ ನಾಲ್ಕು ಬೋಗಿ ಮಾಡುವವರಿಗೆ ಇವೆರಡೂ ಬೇಡ. 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ನನ್ನ ಮತ ಅದಕ್ಕೆ. ಬೇರೆ ಯಾವುದನ್ನೇ ಆರಿಸುವುದಿದ್ದರೂ ಮೊದಲು ‘ಹುಬ್ಬಳ್ಳಿ’ ಎಂದು ಟೈಪಿಸಿ ನೋಡಿ. ನೈಋತ್ಯ ರೈಲ್ವೆಯ ಕೇಂದ್ರಸ್ಥಾನದ ಈ ಹೆಸರಿನಲ್ಲೇ ಎರಡು ಒತ್ತುಗಳಿವೆ. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ ಆ ತಂತ್ರಾಂಶ ನಮ್ಮ ರೈಲಿಗೆ ಆಗಿಬರುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿದರೆ ಒತ್ತು ಸರಿಯಾಗಿ ಕೂರುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ಅಕ್ಷರಗಳನ್ನು ‘ಪಾತ್’ ಆಗಿ, ಅಂದರೆ ಬರೀ ಗೆರೆಗಳಾಗಿ ಬದಲಾಯಿಸಿಕೊಳ್ಳಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಬರಹ ಕೆಡದು.

ಲೋಗೊ ಬರೆಯುವಾಗ ಫೋಟೊದಿಂದ ಗೆರೆ ತೆಗೆಯುವ ‘ಟ್ರೇಸ್’ ಸೌಲಭ್ಯ ಆಸೆ ಹುಟ್ಟಿಸುತ್ತದೆ. ಅದು ನೂರಾರು ಬೇಡದ ಬಿಂದುಗಳನ್ನು ಸುರಿಯುತ್ತದೆ. ಫೋಟೊವನ್ನು ಕೆಳಗಿಟ್ಟು ಮೇಲೆ ಕೈಯಾರೆ ಬರೆಯುವುದೇ ಮೇಲು. ನಿಜವಾದ ಅಳತೆಯಲ್ಲಿ, ಮಿಲಿಮೀಟರುಗಳಲ್ಲಿ ಬರೆದು ಕೊನೆಗೆ 87ರಲ್ಲಿ ಒಂದು ಪಾಲಿಗೆ, ಅಂದರೆ ಶೇ 1.15ಕ್ಕೆ ಇಳಿಸಿ. ಗೆರೆಯ ದಪ್ಪವೂ ಜೊತೆಗೇ ಇಳಿಯಲಿ ಎಂಬ ಗುಂಡಿ ಒತ್ತಿರಬೇಕು. ಮರೆತರೆ ಪುಟಾಣಿ ಲಾಂಛನಕ್ಕೆ ದೈತ್ಯ ಗೆರೆ ಬಂದು, ಎಲ್ಲ ಮಸಿಮುದ್ದೆ!

ಇಷ್ಟಾದ ಮೇಲೆ ಪ್ರಿಂಟರಿನ ಮಿತಿ ಶುರು. ಇಂಚಿಗೆ 600 ಚುಕ್ಕೆ ಇಡುವ ಯಂತ್ರದ ಒಂದು ಚುಕ್ಕೆಯ ಅಗಲ 0.042 ಮಿಲಿಮೀಟರ್. ನಿಜವಾದ ಬೋಗಿಯ ಲೆಕ್ಕದಲ್ಲಿ ಅದು 3.7 ಮಿಲಿಮೀಟರ್, ಅದಕ್ಕಿಂತ ತೆಳುವಾದ ಗೆರೆ ಬರಲಾರದು. ಇಂಗ್ಲಿಷಿನ ‘ಎಚ್’ ಇದನ್ನು ತಾಳಿಕೊಳ್ಳುತ್ತದೆ, ನಮ್ಮ ‘ಳ್ಳಿ’ಯ ಸುರುಳಿಗಳು ತುಂಬಿಹೋಗುತ್ತವೆ. ಆದ್ದರಿಂದ ಸಪೂರ ಫಾಂಟ್ ಆರಿಸಿ, ಒತ್ತಿನ ಒಳಜಾಗವನ್ನು ಬೇಕೆಂದೇ ತುಸು ಹಿಗ್ಗಿಸುವುದುಂಟು. ಅಳತೆಗೆ ಸುಳ್ಳು, ಕಣ್ಣಿಗೆ ನಿಜ.

ಇನ್ನೊಂದು ಪೇಚು ಬಣ್ಣದ್ದು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇಲ್ಲ. ಉಳಿದ ಶಾಯಿಗಳೂ ಅರೆಪಾರದರ್ಶಕ, ಕೆಳಗಿನ ಬಿಳಿ ಕಾಗದವನ್ನು ನಂಬಿಕೊಂಡೇ ಹೊಳೆಯುವಂಥವು. ಹಳೆಯ ಕಡುಗೆಂಪು ಬೋಗಿಯ ಹಳದಿ ಅಕ್ಷರಗಳನ್ನು ಪಾರದರ್ಶಕ ಡೆಕಾಲ್‌ನಲ್ಲಿ ಮುದ್ರಿಸಿ ಅಂಟಿಸಿದರೆ ಅವು ಹೆಚ್ಚುಕಡಿಮೆ ಮಾಯ. ಬಿಳಿ ಡೆಕಾಲ್ ಕಾಗದ ತಂದು, ಅಕ್ಷರದ ಸುತ್ತಲೂ ಬೋಗಿಯ ಕೆಂಪನ್ನೇ ತುಂಬಿ ಮುದ್ರಿಸುವುದು ಅಗ್ಗದ ದಾರಿ. ಕೆಂಪು ಹೊಂದಿಸುವುದೇ ಬೆವರಿಳಿಸುವ ಕೆಲಸ. ಬಿಳಿ ಟೋನರ್ ಇರುವ ಲೇಸರ್ ಯಂತ್ರ ಯಾರ ಬಳಿಯಾದರೂ ಸಿಕ್ಕರೆ ಅಷ್ಟು ಕಾಸು ಕೊಟ್ಟು ಮಾಡಿಸಿಕೊಳ್ಳುವುದು ಜಾಣತನ.

ತಂತ್ರಾಂಶಕ್ಕೆ ಖರ್ಚಾಗದೆ ಉಳಿದ ಹಣವನ್ನು ಒಳ್ಳೆಯ ಡೆಕಾಲ್ ಕಾಗದಕ್ಕೆ ಹಾಕಿ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮೊದಲು ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಹೊಡೆಯಲೇಬೇಕು, ಇಲ್ಲವಾದರೆ ಶಾಯಿ ತೊಳೆದುಹೋಗುತ್ತದೆ. ಅದಕ್ಕೂ ಮೊದಲು ಮಾಮೂಲಿ ಹಾಳೆಯಲ್ಲಿ ಒಂದು ಪ್ರತಿ ತೆಗೆದು, ಕತ್ತರಿಸಿ, ಬೋಗಿಗೆ ಹಿಡಿದು ನೋಡಿ.